ಜೇಬಿಗೆ ಹೋದ ನಾದ

ಥಡ್ಡಿಯಸ್ ಪೆಟಿಗ್ರೂ ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿಯುವ ವೈಬ್ರಾಫೋನ್ ಎಂಬ ವಾದ್ಯವನ್ನು ನುಡಿಸುವುದರಲ್ಲಿ ಎಷ್ಟು ಧಾರಾಳಿಯೋ, ಅದನ್ನು ಇನ್ನೊಬ್ಬರಿಗೆ ಮುಟ್ಟಗೊಡುವುದರಲ್ಲಿ ಅಷ್ಟೇ ಜಿಪುಣ. ಡೆಟ್ರಾಯಿಟ್‌ನಲ್ಲಿ ಮಿಸ್ ಕ್ಲೀಟಾಳ ಕ್ಲಬ್ಬಿನ ಭಾನುವಾರ ಮಧ್ಯಾಹ್ನದ ಜಾಝ್ ಹದಿನೆಂಟು ವರ್ಷದಿಂದ ಅವನದೇ. ಚರ್ಚ್ ಮುಗಿಸಿದವರು ಟೋಪಿ ಸಮೇತ ನೇರ ಅಲ್ಲಿಗೇ ಬರುತ್ತಿದ್ದರು. ಆರ್ಡೆತ್ ಮೂರು ವರ್ಷದಿಂದ ಅವನ ಶಿಷ್ಯೆ. ಅಂದರೆ ಮೂರು ವರ್ಷದಿಂದ ಆ ಭಾರದ ವಾದ್ಯವನ್ನು ಬಿಚ್ಚಿ, ಹೊತ್ತು, ಮತ್ತೆ ಜೋಡಿಸಿದವಳು. ಪಾಠವೇನೋ ಆಗುತ್ತಿತ್ತು, ಅವನ ಮನೆಯ ಮುಂಗೋಣೆಯಲ್ಲಿ. ವೇದಿಕೆಯ ಮೇಲೆ ಮಾತ್ರ ಒಂದು ಹಾಡನ್ನೂ ಬಿಟ್ಟುಕೊಟ್ಟವನಲ್ಲ.

ಈಗ ಅವನ ಬಲಮಂಡಿ ಕೈಕೊಟ್ಟಿತ್ತು. ಮಾರನೆಯ ದಿನ ಆಪರೇಷನ್, ಆಮೇಲೆ ಆರು ವಾರ ವಿಶ್ರಾಂತಿ. ಆ ಆರು ಭಾನುವಾರಗಳಿಗೆ ಕ್ಲೀವ್‌ಲ್ಯಾಂಡಿನಿಂದ ಯಾರನ್ನೋ, ಸ್ವಂತ ವೈಬ್ರಾಫೋನ್ ಇದ್ದವನನ್ನು, ಕರೆಸುತ್ತೇನೆಂದು ಕ್ಲೀಟಾ ಹೇಳಿದ್ದಳು. ಆರ್ಡೆತ್‌ಗೆ ಹೊಟ್ಟೆ ಉರಿದುಹೋಯಿತು. ಆ ಆರು ಭಾನುವಾರ ಅವಳಿಗೆ ಬೇಕಿತ್ತು. ಕ್ಲೀಟಾಳ ಕಿವಿಗೆ ತನ್ನ ಕೈಚಳಕ ಬೀಳಿಸಲು ಉಳಿದದ್ದು ಆಪರೇಷನ್ನಿನ ಹಿಂದಿನ ಈ ಭಾನುವಾರದ ಮಧ್ಯಾಹ್ನವೊಂದೇ.

ಪಿಯಾನೋ ನುಡಿಸುವ ಹೊಸಿಯಾನ ಜೊತೆ ಸೇರಿ ಸಂಚು ಹೂಡಿದಳು. ವಿರಾಮದಲ್ಲಿ ಪೆಟಿಗ್ರೂ ಎದುರಿನ ಅಂಗಡಿಗೆ ಹುರಿದ ಮೀನು ತಿನ್ನಲು ಹೋಗುತ್ತಾನೆ. ಅವನು ಮುಳ್ಳು ಬಿಡಿಸುವಷ್ಟರಲ್ಲಿ ಎರಡು ಹಾಡು ಮುಗಿಸಬಹುದು.

ಮುದುಕ ಕಿಲಾಡಿ, ಸಂಚಿನ ವಾಸನೆ ಹಿಡಿದಿದ್ದ. ಹೋಗುವ ಮುಂಚೆ ಶೂ ಲೇಸ್ ಕಟ್ಟುವವನಂತೆ ಬಗ್ಗಿದ. ಮಂಡಿನೋವಿನವನು ಅಷ್ಟೊಂದು ಬಗ್ಗಿದಾಗಲೇ ಆರ್ಡೆತ್ ಅನುಮಾನಪಡಬೇಕಿತ್ತು, ಪಡಲಿಲ್ಲ. ಪೆಡಲನ್ನು ಮೇಲಿನ ಮೆತ್ತೆಗೆ ಜೋಡಿಸುವ ಕಂಬಿಯನ್ನು ಕಳಚಿ ಕೋಟಿನ ಜೇಬಿಗಿಳಿಸಿಕೊಂಡು ನಡೆದೇಬಿಟ್ಟ. ಆ ಕಂಬಿಯಿಲ್ಲದೆ ಪೆಡಲ್ ಎಷ್ಟು ಒತ್ತಿದರೂ ಅಷ್ಟೇ. ಲೋಹದ ಪಟ್ಟಿಗಳಿಗೆ ಕೆಳಗಿನಿಂದ ಮೆತ್ತೆ ಒತ್ತಿಕೊಂಡೇ ಇರುತ್ತದೆ, ಹೊಡೆದ ಸ್ವರ ಟಕ್ಕೆಂದು ಅಲ್ಲೇ ಸಾಯುತ್ತದೆ.

ವೇದಿಕೆ ಹತ್ತಿ ಹೊಡೆದ ಒಂದೇ ಪೆಟ್ಟಿಗೆ ಆರ್ಡೆತ್‌ಗೆ ಎಲ್ಲ ಅರ್ಥವಾಯಿತು. "ಕಂಬಿ ಎತ್ಕೊಂಡ್ ಹೋಗಿದಾನೆ ಕಣೋ!"

"ಪಾಪಿ ಮುದುಕ! ತಡಿ, ನನ್ ಟೈ ತಗೋ, ಆ ಮೆತ್ತೇನ ಕೆಳಗೆ ಎಳೆದು ಕಟ್ಬಿಡು" ಎಂದ ಹೊಸಿಯಾ.

"ಕಟ್ಟಿದ್ರೆ ಯಾವ ಸ್ವರಾನೂ ಸುಮ್ನಾಗಲ್ಲ. ಒಂದರ ಮೇಲೊಂದು ಬಿದ್ದು ಗಂಜಿ ಆಗುತ್ತೆ."

"ಹಂಗಾದ್ರೆ ಇಳಿದು ಬಾರೇ ತಾಯಿ, ಮಾನ ಉಳೀಲಿ."

"ಮಿಸ್ ಕ್ಲೀಟಾ ಇತ್ಲಾಗೇ ನೋಡ್ತಿದಾರೆ. ಬ್ಲೂಸ್ ಎತ್ಕೋ, ಜೋರಾಗಿ. ಆದ್ರೆ ನಂಗೆ ಜಾಗ ಬಿಡು, ಎಲ್ಲಾ ನೀನೇ ತುಂಬಿಸ್ಬೇಡ!"

ಶಾಲೆಯ ಬ್ಯಾಂಡಿನಲ್ಲಿ ಆರ್ಡೆತ್ ಆರು ವರ್ಷ ಝೈಲೋಫೋನ್ ನುಡಿಸಿದ್ದಳು. ಅದರ ಪಟ್ಟಿಗಳು ಮರದವು, ಪೆಡಲ್ ಗಿಡಲ್ ಏನೂ ಇಲ್ಲ. ಸ್ವರ ಉಳಿಯಬೇಕಾದರೆ ಕೈಯೇ ಓಡುತ್ತಿರಬೇಕು. ಮೂರು ವರ್ಷ ಬೈದು ಬೈದು ಪೆಟಿಗ್ರೂ ಬಿಡಿಸಿದ್ದ ಆ ಹಳೆಯ ಚಾಳಿಯನ್ನು ಅವಳು ಈಗ ಬಿಚ್ಚಿಬಿಟ್ಟಳು. ಟಕಟಕ ಶಬ್ದಕ್ಕೆ ಜನ ನಕ್ಕರು.

"ಏನಮ್ಮಾ, ಬಾಗಿಲು ತಟ್ತಿದೀಯಾ?" ಮುಂದಿನ ಸಾಲಿನ ಟೋಪಿಯ ಹೆಂಗಸೊಬ್ಬಳು ಕೂಗಿದಳು.

"ತೆಗೀರಿ ಮತ್ತೆ, ಒಳಗೆ ಬರ್ತೀನಿ!"

ಬಂದಳು ಕೂಡ. ಎರಡನೇ ಸುತ್ತಿಗೆ ನಗು ಚಪ್ಪಾಳೆಯಾಗಿ ತಾಳ ಹಿಡಿಯಿತು. ಮೂರನೇ ಸುತ್ತಿಗೆ ಆ ಟೋಪಿಯ ಹೆಂಗಸೇ ಕುರ್ಚಿ ಸರಿಸಿ ಕುಣಿಯುತ್ತಿದ್ದಳು. ಒಣಒಣ ಸ್ವರಗಳು ಬಾಣಲೆಯಲ್ಲಿ ಜೋಳ ಸಿಡಿದಂತೆ ಸಿಡಿದವು. ಆರ್ಡೆತ್‌ಗೆ ಹುಟ್ಟಿದಾರಭ್ಯ ಅಷ್ಟು ಖುಷಿಯಾಗಿರಲಿಲ್ಲ. ಮೀನಿನ ಪೊಟ್ಟಣ ಹಿಡಿದು ಬಂದ ಪೆಟಿಗ್ರೂ ಬಾಗಿಲಲ್ಲೇ ನಿಂತ. ಹಾಡು ಮುಗಿಯುವ ತನಕ ಬಾಯಲ್ಲಿದ್ದದ್ದನ್ನು ನುಂಗಲೂ ಇಲ್ಲ.

"ಥಡ್ಡಿಯಸ್, ಇದ್ಯಾವ ವಿದ್ಯೆನಯ್ಯಾ? ನಂಗೆ ಹೇಳೇ ಇರ್ಲಿಲ್ವಲ್ಲ!" ಎಂದಳು ಕ್ಲೀಟಾ.

"ನಾನೇ ಬೇಕಂತ ಕಂಬಿ ತೆಗೆದಿದ್ದೆ" ಎಂದ ಅವನು, ಎಳ್ಳಷ್ಟೂ ನಾಚಿಕೆಯಿಲ್ಲದೆ. "ನನ್ ಪಾಠ ಹಿಂಗೇ."

ಹೊಸಿಯಾ ಕೆಮ್ಮಿದ. ಎಲ್ಲರೂ ಆರ್ಡೆತ್‌ಳ ಕಡೆ ತಿರುಗಿದರು. ಒಂದು ಮಾತು ಸಾಕಿತ್ತು, ಮುದುಕನ ಮಾನ ಹರಾಜಾಗಲು.

"ಹೌದು ಮಿಸ್ ಕ್ಲೀಟಾ, ಇವರೇ ಕಲಿಸಿದ್ದು. ಇನ್ನೂ ಚೆನ್ನಾಗಿ ರೂಢಿ ಆಗ್ಲಿ ಅಂತ ಆರು ವಾರ ವಾದ್ಯಾನೂ ನಂಗೇ ಬಿಟ್ಟು ಹೋಗ್ತಾರಂತೆ. ಎಂಥಾ ದೊಡ್ಡ ಮನಸ್ಸು ನೋಡಿ!"

ಜನ ಪೆಟಿಗ್ರೂಗೂ ಚಪ್ಪಾಳೆ ತಟ್ಟಿದರು. ಅವನು ಮೀನಿನ ಪೊಟ್ಟಣ ಹಿಡಿದುಕೊಂಡೇ ತಲೆಬಾಗಿ ವಂದಿಸಬೇಕಾಯಿತು. ಕ್ಲೀವ್‌ಲ್ಯಾಂಡಿನವನಿಗೆ ಬೇಡವೆಂದು ಫೋನ್ ಮಾಡಲು ಕ್ಲೀಟಾ ಒಳಗೆ ಹೋದಳು.

"ಕಳ್ಳಿ" ಎಂದ ಪೆಟಿಗ್ರೂ, ವೇದಿಕೆ ಹತ್ತಿ ಬಂದು.

"ನಾನಾ? ಜೇಬು ತೋರ್ಸಿ ನೋಡೋಣ!"

ಅವನು ನಗಲಿಲ್ಲ. ಪೆಡಲನ್ನೇ ನೋಡುತ್ತ ನಿಂತ. "ಮಂಡಿ ಸರಿಹೋಗ್ದೇ ಇದ್ರೆ, ಹುಡುಗಿ? ಡಾಕ್ಟರು ಗ್ಯಾರಂಟಿ ಏನೂ ಕೊಟ್ಟಿಲ್ಲ. ಇದನ್ನ ಒತ್ತೋಕೇ ಆಗ್ದೇ ಹೋದ್ರೆ ನಾನೇನು ಮಾಡ್ಲಿ?"

ಆರ್ಡೆತ್‌ಗೆ ಸಂಕಟವಾಯಿತು. ಮೂರು ವರ್ಷದ ಸಿಟ್ಟೇನೂ ಅಷ್ಟಕ್ಕೇ ಇಳಿಯಲಿಲ್ಲ, ಆದರೂ ಸಂಕಟವಾಯಿತು.

"ಆಗ ನನ್ ಹತ್ರ ಬನ್ನಿ. ಕಾಲಿಲ್ದೆ ನುಡಿಸೋದು ನಾನು ಕಲಿಸ್ತೀನಿ."

ಪೆಟಿಗ್ರೂ ಅವಳ ಮುಖವನ್ನು ದುರುಗುಟ್ಟಿ ನೋಡಿದ. ಆಮೇಲೆ ಕೋಟು ಬಿಚ್ಚಿ ಕುರ್ಚಿಯ ಮೇಲೆ ಎಸೆದು ಅವಳ ಎಡಗಡೆ ಬಂದು ನಿಂತ.

"ಮೂರನೇ ಸುತ್ತಲ್ಲಿ ಎಡಗೈ ಏನೋ ಮಾಡ್ತಲ್ಲ, ಅದನ್ನ ಇನ್ನೊಂದ್ಸಲ ತೋರ್ಸು" ಎಂದ. "ನಿಧಾನಕ್ಕೆ."