ಡಕೋಟಾ ಹತ್ತಲಿದ್ದ ಜೋನಿಬೆಲ್ಲ

ವನಮಾಲಾಳಿಗೆ ಯಾರಿಗೂ ಹೇಳದ ಒಂದು ಚಿಂತೆಯಿತ್ತು. ಮಂಕಿಯ ಮಹಿಳಾ ಸಮಾಜದ ಐದು ಸಭೆಗಳ ನಡಾವಳಿಯಲ್ಲೂ ‘ಕೊನೆಗೆ ಕಾರ್ಯದರ್ಶಿ ಕುಮಾರಿ ವನಮಾಲಾ ಬಿ.ಎ. ವಂದಿಸಿದರು’ ಎಂದು ಅವಳೇ ಬರೆದಿದ್ದಳು. ವಂದಿಸುವುದಿರಲಿ, ಒಂದು ಸಭೆಯಲ್ಲೂ ಅವಳು ಕೆಮ್ಮಿದ್ದೂ ಇಲ್ಲ. ‘ನನಗೆ ಗಂಟಲಿರುವುದು ಅನ್ನ ಇಳಿಸಲಿಕ್ಕೆ ಮಾತ್ರವೋ ಏನೋ’ ಎಂದು ಡೈರಿಯಲ್ಲಿ ಬರೆದು, ಅದನ್ನೂ ಯಾರಾದರೂ ಓದಿಯಾರೆಂದು ಹೆದರಿ ಹೊಡೆದುಹಾಕಿದ್ದಳು.

ಆರನೇ ಸಭೆ ದೊಡ್ಡಮ್ಮನ ಅಂಗಳದಲ್ಲಿ ಸೇರಿತು. ದೊಡ್ಡಮ್ಮ ಅಂದರೆ ಸಮಾಜದ ಅಧ್ಯಕ್ಷೆ ಮಹಾಲಕ್ಷ್ಮೀ. ಚೀನಾ ಯುದ್ಧ ನಿಂತು ಎರಡು ತಿಂಗಳಾಗಿತ್ತು, ಆಕೆಯದು ಇನ್ನೂ ನಿಂತಿರಲಿಲ್ಲ. ಕುಮಟಾದ ಹೆಂಗಸರು ಸ್ವೆಟರ್ ಹೆಣೆದು ಕಳಿಸಿ ಹೆಸರು ಮಾಡಿಕೊಂಡಿದ್ದರು. ಉಣ್ಣೆಯನ್ನೇ ಕಾಣದ ಮಂಕಿಯವರು ಏನು ಕಳಿಸಬೇಕು? ಆಲೆಮನೆಯ ಕಾಲ. ಜೇನಿನಂತೆ ಹರಿಯುವ ಹೊಸ ಜೋನಿಬೆಲ್ಲ ಹನ್ನೆರಡು ಡಬ್ಬಿ ತುಂಬಿ, ಬೆಸುಗೆ ಹಾಕಿಸಿಟ್ಟಿದ್ದಾಗಿತ್ತು. ಅದನ್ನು ವಿಮಾನದಿಂದ ಹಿಮಾಲಯದ ಜವಾನರಿಗೆ ಎಸೆಯಬೇಕು, ಅಷ್ಟೇ.

ಎಸೆಯುವವನೂ ಊರಲ್ಲೇ ಇದ್ದ. ದೊಡ್ಡಮ್ಮನ ಗದ್ದೆಯನ್ನು ಗೇಣಿಗೆ ಮಾಡುವ ಗಂಗಿಯ ಮಗ ರಮಾನಂದ. ಅಸ್ಸಾಮಿನಲ್ಲಿ ವಾಯುಪಡೆಯ ಸರಕು ವಿಮಾನದಲ್ಲಿದ್ದವನು ರಜೆಗೆ ಬಂದಿದ್ದ. ಊರೆಲ್ಲ ಅವನನ್ನು ಪೈಲಟ್ ಎಂದೇ ಕರೆಯುತ್ತಿತ್ತು.

“ನಾ ಹಾರ್ಸೂದಲ್ಲ ಅಮ್ಮಾ, ಒದೆಯೂದು,” ಎಂದ ಅವನು. “ಡಕೋಟಾದ ಬಾಗ್ಲು ಕಿತ್ತಿಟ್ಟಿರ್ತಾರೆ. ಅಲ್ಲಿ ಅಕ್ಕಿ ಮೂಟೆ ಒಟ್ಕಂಡು ನಿಲ್ಲೂದು, ಗಂಟೆ ಹೊಡೆದ ಕೂಡ್ಲೇ ಒದೆಯೂದು. ಎಂಟು ಎಣಿಸೂದ್ರೊಳಗೆ ಮುಗೀಬೇಕು. ಎದ್ರಿಗೆ ಗುಡ್ಡ ಬತ್ತದೆ.”

“ಡಕೋಟಾ ಅಂದ್ರೆ ನಮ್ಮ ಹೊನ್ನಾವರದ ಬಸ್ಸಿಗೆ ಹೇಳೂದಲ್ಲನಾ?” ಎಂದಳು ಒಬ್ಬಳು.

“ಅದ್ಕೆ ಬಾಗ್ಲಾದ್ರೂ ಅದೆ ಅಮ್ಮಾ.”

“ಒದ್ದಿದ್ದಕ್ಕೆ ಸಂಬಳ ಕೊಡ್ತಾರೆ ಅಂದ್ರೆ ನಮ್ಮನೆ ಎಮ್ಮೆಗೂ ಕೊಡ್ಬೇಕಾಗಿತ್ತು,” ಎಂದರು ದೊಡ್ಡಮ್ಮ.

ಪರೀಕ್ಷೆ ಆಗಲೇಬೇಕೆಂದು ಕಾಯಿ ಕೊಯ್ಯುವ ಈರನನ್ನು ತೆಂಗಿನಮರ ಹತ್ತಿಸಿದರು. ಅವನು ಬಿಟ್ಟ ಮೊದಲ ಡಬ್ಬಿ ನೆಲಕ್ಕೆ ಬಡಿದು ಬಾಯಿಬಿಟ್ಟಿತು. ಬೆಲ್ಲ ಅಧ್ಯಕ್ಷೆಯ ಸೀರೆಯ ತನಕ ಬಂತು. ಎರಡನೆಯದನ್ನು ಹುಲ್ಲು ಸುತ್ತಿ ಬಿಟ್ಟರು, ಹುಲ್ಲೂ ಸಿಹಿಯಾಯಿತು. ಮೂರನೆಯದನ್ನು ಒಂದರೊಳಗೊಂದು ಎರಡು ಗೋಣಿಯಲ್ಲಿ ಹಾಕಿ ಬಿಟ್ಟರು. ಅಕ್ಕಿಯಾದರೆ ಒಳಗಿನ ಚೀಲ ಹರಿದರೂ ಹೊರಗಿನದು ಹಿಡಿಯುತ್ತದಂತೆ. ಬೆಲ್ಲವನ್ನು ಯಾವ ಗೋಣಿ ಹಿಡಿದೀತು? ಈರ ಮರ ಇಳಿಯುವ ಹೊತ್ತಿಗೆ ಇರುವೆಗಳು ಹತ್ತತೊಡಗಿದ್ದವು.

“ಇದು ನೆಲದ ದೋಷ,” ಎಂದು ದೊಡ್ಡಮ್ಮ ತೀರ್ಪು ಕೊಟ್ಟರು. “ಅಲ್ಲೆಲ್ಲ ಹಿಮ ಇರ್ತು, ಹಾಸಿಗೆ ಹಾಂಗೆ. ವಾಯುಪಡೆ ಸಾಹೇಬ್ರಿಗೆ ಕಾಗದ ಬರಿ ತಂಗಿ, ಮರದಿಂದ ಹಾಕಿ ಪರೀಕ್ಷೆ ಮಾಡಿದ್ಯ, ಒಂದೂ ಒಡೆದ್ದಿಲ್ಲೆ.”

ವನಮಾಲಾ ಬರೆದಳು. ಬರೆಯುವುದು ಅವಳಿಗೆ ಸುಲಭ.

“ಕೆಳಗೆ ಒಡೆದ್ರೆ ಒಡೀಲಿ ಅಮ್ಮಾ,” ಎಂದ ರಮಾನಂದ. “ಅಷ್ಟು ಎತ್ತರಕ್ಕೆ ಹೋದ್ರೆ ಡಬ್ಬಿ ಹೊಟ್ಟೆ ಉಬ್ಬಿಸ್ಕಂಡು ಮೇಲೇ ಸೋರ್ತದೆ. ಹೋದ ತಿಂಗ್ಳು ಎಣ್ಣೆ ಡಬ್ಬಿ ಸೋರಿ ನಮ್ಮ ಜೊತೆಯವ ಒಬ್ಬ ಬಾಗ್ಲಿಂದ ಜಾರಿದ. ವಿಮಾನಕ್ಕೆ ಕಟ್ಟಿದ ಸೊಂಟದ ಪಟ್ಟಿ ಹಿಡೀತು. ಒಣಗ್ಸೂಕೆ ಹಾಕಿದ ಲಂಗೋಟಿ ಹಾಂಗೆ ಆಕಾಶದಲ್ಲಿ ನೇತಾಡ್ತಾ ಇದ್ದ.”

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅವಂದು ಹೊಸ ಪಟ್ಟಿ. ನಂದು ಹಳೇದು.”

ಅದಕ್ಕೂ ನಕ್ಕರು.

ವನಮಾಲಾ ನಗಲಿಲ್ಲ. ನಗಿಸುತ್ತಿದ್ದವನ ಹೆಬ್ಬೆರಳು ಡಬ್ಬಿಯ ಅಂಚನ್ನು ಉಜ್ಜುತ್ತಲೇ ಇತ್ತು. ಇವನು ಒಲ್ಲೆ ಅನ್ನುವ ಹಾಗಿಲ್ಲ. ಒಲ್ಲೆ ಅಂದರೆ ಗಂಗಿಯ ಗೇಣಿ ಗದ್ದೆ ಉಳಿಯುತ್ತದೋ ಇಲ್ಲವೋ.

“ಆತು, ನಿನ್ನ ಪುರಾಣ ಸಾಕು,” ಎಂದು ದೊಡ್ಡಮ್ಮ ವನಮಾಲಾ ಬರೆದ ಕಾಗದವನ್ನು ಅವನ ಮುಂದಿಟ್ಟರು. “ಡಬ್ಬಿ ಗಟ್ಟಿ ಅದೆ ಅಂತ ನೀನೂ ರುಜು ಹಾಕು. ನೀನು ಹಾಕಿದ್ರೆ ನಿಮ್ಮ ಸಾಹೇಬ್ರು ನಂಬಿ ವಿಮಾನ ಹತ್ತಿಸ್ತಾರೆ. ದೇಶಕ್ಕೋಸ್ಕರ ಅಷ್ಟೂ ಮಾಡೂದಿಲ್ಯಾ?”

ರಮಾನಂದ ಪೆನ್ನು ತೆಗೆದುಕೊಂಡ. ಹೆಸರಿನ ಮೊದಲ ಅಕ್ಷರ ಬರೆದೇಬಿಟ್ಟ.

ವನಮಾಲಾ ಎದ್ದುಬಂದು ಅವನ ಕೈಯ ಕೆಳಗಿನಿಂದ ಕಾಗದ ಎಳೆದುಕೊಂಡಳು. ಅಂಗಳ ಪೂರ್ತಿ ತನ್ನನ್ನೇ ನೋಡುತ್ತಿರುವುದು ಅವಳಿಗೆ ಆಮೇಲೆ ಗೊತ್ತಾಯಿತು.

“ಎಂತದೇ ತಂಗಿ?”

ಮೊದಲು ಬರೀ ಗಾಳಿ ಬಂತು. ಆಮೇಲೆ ಬಂದ ದನಿಗೆ ಬೇಲಿ ದಾಟುತ್ತಿದ್ದ ಈರನೂ ತಿರುಗಿ ನಿಂತ.

“ಸುಳ್ಳು ದೊಡ್ಡಮ್ಮಾ! ಮೂರೂ ಒಡೆದ್ದು. ಈ ಬೆಲ್ಲ ವಿಮಾನದಲ್ಲಿ ಸೋರಿರೆ ರಮಾನಂದ ಬಿದ್ದು ಸಾಯ್ತ.”