ಬಿಸಿಯಿಲ್ಲದ ದೀಪ

"ಮೇಷ್ಟ್ರೇ, ಕೆನ್ನೆ ಮೇಲೆ ಒಂಚೂರು ಬೆಳಕು ಬಿಡಿ. ಸಾಕು ಅನ್ನೋಕ್ ಮುಂಚೇನೇ ನಿಲ್ಸಿ," ಎಂದ ಕ್ಯಾಮೆರಾಮನ್.

ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಿಗಿದು, ಒಂದು ಕುರ್ಚಿ, ಒಂದು ದೀಪ. ವಿರಹದ ಹಾಡಿನ ವಿಡಿಯೋ; ಗಾಯಕಿಯ ಮುಖ ಅರ್ಧ ಕಂಡು ಅರ್ಧ ಮುಳುಗಬೇಕು. ಇಂಥದ್ದಕ್ಕೆಲ್ಲ ಈ ಲೈಟ್‌ಮನ್‌ಗೇ ಕರೆ. ಬೆಳಕು ಯಾರು ಬೇಕಾದರೂ ಹಾಕುತ್ತಾರೆ, ಕತ್ತಲೆ ಹಾಕುವುದಕ್ಕೆ ಇವರೇ ಬೇಕು ಎಂದು ಜನ ಹೇಳಿ ಹೇಳಿ, ಅವರ ಹೆಸರೇ ಕತ್ತಲೆ ಮೇಷ್ಟ್ರು ಎಂದಾಗಿತ್ತು. ಕ್ಯಾಮೆರಾಮನ್, ಮೇಷ್ಟ್ರ ಹೆಂಡತಿಯ ತಮ್ಮ. ಕೆಲಸ ಕಲಿತದ್ದು ಅವರ ಕೈಕೆಳಗೆ. ಮನೆಯಲ್ಲಿ ಭಾವ, ಸೆಟ್ಟಿನಲ್ಲಿ ಮಾತ್ರ ಮೇಷ್ಟ್ರು.

ಎರಡು ವರ್ಷದಿಂದ ಮೇಷ್ಟ್ರಿಗೆ ಮಬ್ಬಿನಲ್ಲಿ ಏನೂ ಗುರುತಾಗುತ್ತಿರಲಿಲ್ಲ. ಹೋದದ್ದು ಬರುವುದಿಲ್ಲ, ಉಳಿದದ್ದೂ ಹೋಗುತ್ತದೆ ಎಂದು ಡಾಕ್ಟರು ಮುಖ ನೋಡದೆ ಹೇಳಿದ್ದರು. ಮೇಷ್ಟ್ರು ಹೆಂಡತಿಗೂ ಹೇಳದೆ ಅದನ್ನು ನುಂಗಿಕೊಂಡಿದ್ದರು. ಕೂತವರ ಕೆನ್ನೆಯ ಪಕ್ಕ ಕೈ ಹಿಡಿದು, ದೀಪದ ಬಿಸಿಯಲ್ಲೇ ಬೆಳಕು ಎಷ್ಟು ಬಿತ್ತೆಂದು ಅಂದಾಜು ಮಾಡುತ್ತಿದ್ದರು. ಇವತ್ತಿನವರೆಗೆ ಅದು ಕೈಕೊಟ್ಟಿರಲಿಲ್ಲ. ಇವತ್ತು ಬಂದದ್ದು ಹೊಸ ಎಲ್‌ಇಡಿ. ಗಂಟೆಗಟ್ಟಲೆ ಉರಿದರೂ ತಣ್ಣಗೇ ಇರುತ್ತದೆ ಎಂದು ತಂದವರು ಹೊಗಳಿದ್ದರು.

ಗಾಯಕಿಯ ಕೆನ್ನೆಯ ಪಕ್ಕ ಕೈ ಹಿಡಿದು ನೋಡಿದರು. ಕೈ ಏನೂ ಹೇಳಲಿಲ್ಲ. ಹಳೆಯ ಅಭ್ಯಾಸವನ್ನೇ ನಂಬಿ ದೀಪದ ಹತ್ತಿರ ಹೋಗಿ, ಅದರ ಮುಂದೆ ಬೆಳಕು ತಡೆಯುವ ತಗಡಿನ ರೆಕ್ಕೆಗಳನ್ನು ಸರಿಸತೊಡಗಿದರು. ಹಾಡಿಗೆಂದು ಗಾಯಕಿ ಬರಿಗಾಲಲ್ಲಿದ್ದಳು. ಅವಳೆದ್ದು ನೀರು ಕುಡಿಯಲು ಹೋದದ್ದು ಅವರಿಗೆ ಕೇಳಿಸಲಿಲ್ಲ.

"ಕೆನ್ನೆಗೆ ಸರಿಯಾಗಿ ಬಿತ್ತು," ಎಂದರು. "ಕಣ್ಣಲ್ಲೂ ಸಣ್ಣ ಮಿಂಚು ಬಂದಿದೆ. ಹಾಗೇ ಇರಮ್ಮ, ಅಲುಗಾಡ್ಬೇಡ."

ಮೇಷ್ಟ್ರ ತಮಾಷೆಯೆಂದು ಯಾರೋ ಕಿಸಕ್ಕೆಂದರು. ಕ್ಯಾಮೆರಾಮನ್ ನಗಲಿಲ್ಲ. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ.

"ಭಾವ, ಕುರ್ಚಿ ಖಾಲಿ ಇದೆ."

ಮೇಷ್ಟ್ರ ಕೈ ರೆಕ್ಕೆಯ ಮೇಲೇ ನಿಂತಿತು. ಯಾವಾಗಿನಿಂದ ಕಣ್ಣು ಕಾಣುತ್ತಿಲ್ಲ ಎಂದು ಅವನು ಕೇಳಿದ. ಎರಡು ವರ್ಷ ಎಂದರು. ಹಾಗಾದರೆ ಹೋದ ತಿಂಗಳ ಹಾಡು ಎಂದು ಶುರುಮಾಡಿದವನು ಅಲ್ಲಿಗೇ ಬಿಟ್ಟ.

"ಅಕ್ಕಂಗೆ ಗೊತ್ತಾ?"

"ನೀನೂ ಹೇಳ್ಬೇಡ."

"ನೀವು ಕೂತ್ಕೊಳ್ಳಿ, ಇನ್ಮೇಲೆ ನಾನೇ ನೋಡ್ಕೋತೀನಿ," ಎಂದು ಮೊಣಕೈ ಹಿಡಿದು ನಡೆಸಿದ. ಅಲ್ಲಿದ್ದದ್ದು ಅದೊಂದೇ ಕುರ್ಚಿ.

ಅತ್ತ ಅವನ ಕೈಯಲ್ಲಿ ತಗಡಿನ ರೆಕ್ಕೆ ಕಿರುಗುಟ್ಟಿತು. ಮೇಷ್ಟ್ರು ಕೈ ಎತ್ತಿ ತಮ್ಮದೇ ಕೆನ್ನೆಯ ಪಕ್ಕ ಹಿಡಿದು, ಹಾಗೇ ಕೂತರು.