ಮಲೇಷ್ಯಾದ ಕೋಟು

ನೀಲಿ ಕೋಟನ್ನು ಮಡಿಸಿ ಚೀಲಕ್ಕೆ ಹಾಕುತ್ತಿದ್ದ ಬಿಂದುಶ್ರೀ, ಅತ್ತೆ ಬಾಗಿಲಲ್ಲಿ ನಿಂತಿದ್ದನ್ನು ತಡವಾಗಿ ಗಮನಿಸಿದಳು. ನೆಂಟರೆಲ್ಲ ನಿನ್ನೆ ಸಂಜೆಯೇ ಹೊರಟುಹೋಗಿದ್ದರು. ನಲ್ಲಿಯಲ್ಲಿ ನೀರು ಬಂದು ನಿಂತಿತ್ತು. ಹಾಲಿನವನು ಎಂದಿನಂತೆ ಒಂದು ಲೀಟರ್ ಇಟ್ಟು ಹೋಗಿದ್ದ. ಇನ್ನು ಅರ್ಧ ಸಾಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

“ಎಲ್ಲಿಗೆ ಅದು?” ಎಂದರು ಪ್ರೇಮಮ್ಮ. ಮಗನನ್ನು ಮಣ್ಣು ಮಾಡಿದ ಮೇಲೆ ಸೊಸೆಯ ಹತ್ತಿರ ಅವರು ಆಡಿದ ಮೊದಲ ಮಾತು.

“ವಿಜಯ್‌ಕುಮಾರ್ ಮನೆಗೆ. ಅವರದ್ದು ಅವರಿಗೆ ಕೊಟ್ಟು ಬರ್ತೀನಿ.”

“ನನ್ನ ಮಗನ ಮೈಮೇಲೆ ಹಾಕಕ್ಕೆ ಬಿಡ್ಲಿಲ್ಲ. ಈಗ ಊರೋರಿಗೆ ಹಂಚಕ್ಕೆ ಹೊಂಟಿದ್ದೀಯ.”

ಬಿಂದುಶ್ರೀ ಚೀಲ ಎತ್ತಿಕೊಂಡಳು. ಚಪ್ಪಲಿ ಮೆಟ್ಟಿಕೊಂಡಳು.

*

ಮೊನ್ನೆ ಅವಳ ಗಂಡ ಸಿದ್ದಲಿಂಗಸ್ವಾಮಿಯನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂತವರು ಕೂತಂತೆಯೇ ಸಮಾಧಿಗೆ ಇಳಿಯುತ್ತಾರೆ. ಹಣೆಗೆ, ತೋಳಿಗೆ ವಿಭೂತಿ ಬಳಿದಿದ್ದರು. ಇಲವಾಲದ ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರು, ವಯಸ್ಸು ಮೂವತ್ತೊಂದು. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದಿದ್ದ.

“ತೊಂಬತ್ತಾರರಲ್ಲಿ ಮಲೇಷ್ಯಾಗೆ ಹೋಗಿ ಆಡ್ಬಂದೋನು ಕಣ್ರೀ,” ಪಕ್ಕದ ಮನೆಯ ಚೆಲುವಯ್ಯ ಬಂದವರಿಗೆಲ್ಲ ಹೇಳುತ್ತಿದ್ದರು. “ಇಂಡಿಯಾ ಜೂನಿಯರ್ ಹಾಕಿ ಟೀಮು. ಪೆನಾಲ್ಟಿ ಕಾರ್ನರ್ ಹೊಡೆದ್ರೆ ಗೋಲಿನ ಹಲಗೆ ಸೀಳ್ಬುಡೋದು.”

“ನೀವು ನೋಡಿದ್ರಾ?”

“ನೋಡೋದೇನು ಬಂತು. ಎಂಗೆ ಹೊಡ್ದಿರ್ತಾನೆ ಅಂತ ನಮಗೆ ಗೊತ್ತಾಗಲ್ವ?”

ಪ್ರೇಮಮ್ಮ ಬೀರುವಿನಿಂದ ಕೋಟು ತಂದರು. ಎದೆಯ ಮೇಲೆ ಟೂರ್ನಿಯ ಲಾಂಛನ, ಹಿತ್ತಾಳೆ ಗುಂಡಿ. “ಇದನ್ನ ಹಾಕ್ಕೊಂಡೇ ಕೂತ್ಕೊಳ್ಳಲಿ ನನ್ನ ಕಂದ.”

ಬಿಂದುಶ್ರೀ ಎದ್ದು ಕೋಟಿನ ಇನ್ನೊಂದು ತುದಿ ಹಿಡಿದಳು. “ಬೇಡ ಅತ್ತೆ. ಅದು ಅವರದ್ದಲ್ಲ.”

ಸ್ವಾಮಿಯ ಜೊತೆ ಆಡುತ್ತಿದ್ದ ವಿಜಯ್‌ಕುಮಾರ್ ಕೈಯಲ್ಲಿ ಹಾರ ಹಿಡಿದು ಬಾಗಿಲ ಬಳಿ ನಿಂತಿದ್ದ. ಅವಳು ಅವನ ಕಡೆ ನೋಡಿದಳು.

“ಅವನ್ದೇ ಸಿಸ್ಟರ್,” ಎಂದ ಅವನು. “ಹಾಕ್ಬುಡಿ.”

ಅವಳು ಕೈ ಬಿಡಲಿಲ್ಲ. ಕೊನೆಗೆ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು, ಹೊತ್ತಾಯಿತು, ಬಿಳಿ ಬಟ್ಟೆಯೇ ಸಾಕು ಎಂದರು. ಹಿಂದಿನಿಂದ ಯಾವಳೋ ಅಂದಳು: “ಓದ್ದೋಳು ನೋಡು. ಗಂಡ ಹೋದ್ರೂ ಕೋಟಿನ ಆಸೆ ಹೋಗ್ಲಿಲ್ಲ.”

*

ಮದುವೆಯಾದ ವಾರದಲ್ಲೇ ಸ್ವಾಮಿ ಅವಳಿಗೆ ಹೇಳಿದ್ದ: “ನಾನು ಆಡ್ಲಿಲ್ಲ ಬಿಂದು. ಕ್ಯಾಂಪಿಂದಲೇ ವಾಪಸ್ ಬಂದೆ. ಕೋಟು ವಿಜಿದು, ಮದುವೆ ಫೋಟೋಗೆ ಇಸ್ಕೊಂಡು ಬಂದೆ. ಅಮ್ಮ ಊರಿಗೆಲ್ಲ ಸಾರ್ಬುಟ್ಟಿದ್ದಾಳೆ, ಈಗ ಎಂಗೆ ಬಾಯಿ ಬಿಡೋದು?” ಪ್ರತಿ ಯುಗಾದಿಗೆ ಅದನ್ನು ಬಿಸಿಲಿಗೆ ಹಾಕುವಾಗ ಅನ್ನುತ್ತಿದ್ದ: “ಈ ಸಲ ಕೊಟ್ಬುಡ್ಬೇಕು.” ಹಾಗೆ ಐದು ಯುಗಾದಿ ಕಳೆದಿದ್ದವು.

*

ರಾಜೀವನಗರದ ಮನೆಯಲ್ಲಿ ವಿಜಯ್‌ಕುಮಾರ್ ಕೆಲಸಕ್ಕೆ ಹೊರಡಲು ಸಿದ್ಧನಾಗಿದ್ದ. ಚೀಲ ಕಂಡದ್ದೇ ಕೂತುಬಿಟ್ಟ.

“ಮೊನ್ನೆ ಅಷ್ಟು ಜನರ ಮುಂದೆ ಸುಳ್ಳು ಹೇಳಿದ್ರಿ,” ಎಂದಳು ಬಿಂದುಶ್ರೀ. “ಅವರ ಮರ್ಯಾದೆಗೆ ಹೇಳಿದ್ರಿ ಅಂತ ಗೊತ್ತು. ಆದ್ರೆ ಇನ್ನೊಬ್ಬರ ವಸ್ತು ಹಾಕ್ಕೊಂಡು ಅವರು ಮಣ್ಣಲ್ಲಿ ಕೂರೋದು ನನಗೆ ಬೇಡ್ವಾಗಿತ್ತು.”

“ಸುಳ್ಳಲ್ಲ ಸಿಸ್ಟರ್. ಟೈಲರ್‌ಗೆ ಅಳತೆ ಕೊಟ್ಟೋನು ಸ್ವಾಮಿ. ಟೀಮಲ್ಲಿ ಅವನ ಹೆಸರಿತ್ತು. ನಾನು ಬದಲಿ ಆಟಗಾರ. ಹೊರಡೋಕೆ ಎರಡು ದಿನ ಇತ್ತು. ಪ್ರಾಕ್ಟೀಸಲ್ಲಿ ನಾನು ಹೊಡೆದ ಚೆಂಡು ಅವನ ಪಾದಕ್ಕೆ ಬಿತ್ತು. ಮೂಳೆ ಮುರೀತು. ಬೇಕಂತ ಹೊಡೀಲಿಲ್ಲ. ಬೇರೆ ಕೋಟು ಹೊಲಿಸೋಕೆ ಟೈಮಿರ್ಲಿಲ್ಲ, ಅವನ್ದೇ ನನಗೆ ಕೊಟ್ರು.”

“ಅವರು ಇದನ್ನ ಹೇಳ್ಲೇ ಇಲ್ಲ.”

“ನನ್ನನ್ನೂ ಒಂದಿನ ಕೇಳ್ಲಿಲ್ಲ. ಮದುವೆಗೆ ಮುಂಚೆ ಬಂದು, ಕೋಟು ಸ್ವಲ್ಪ ಕೊಡ್ತೀಯೇನೋ ಅಂದ, ಅಷ್ಟೆ. ವಾಪಸ್ ಕೇಳೋಕೆ ನನಗೆ ಮುಖ ಇರ್ಲಿಲ್ಲ.”

ಗೋಡೆಯ ಮೇಲೆ ತಂಡದ ಫೋಟೋ ಇತ್ತು. ನೀಲಿ ಕೋಟಿನ ಹದಿನೆಂಟು ಹುಡುಗರು. ಎಲ್ಲರ ಕೈಗಳೂ ಕಾಣುತ್ತಿದ್ದವು. ಹಿಂದಿನ ಸಾಲಿನ ತುದಿಯಲ್ಲಿದ್ದ ಉದ್ದನೆಯ ಹುಡುಗ ಮಾತ್ರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಬಿಂದುಶ್ರೀ ಬಹಳ ಹೊತ್ತು ಅದನ್ನೇ ನೋಡಿದಳು.

“ತೋಳು ಗಿಡ್ಡ ಆಗಿತ್ತು,” ಎಂದ ವಿಜಯ್‌ಕುಮಾರ್. “ತಗೊಂಡೋಗಿ ಸಿಸ್ಟರ್. ಪ್ರೇಮಮ್ಮನೋರ ಕಣ್ಮುಂದೆ ಇರ್ಲಿ.”

ಅವಳು ಚೀಲದಿಂದ ಕೋಟು ತೆಗೆದು ಕೊಡವಿದಳು. ಕಳೆದ ಯುಗಾದಿಯ ಬಿಸಿಲಿನ ವಾಸನೆ ಇನ್ನೂ ಉಳಿದಿತ್ತು.

“ಅಳತೆ ಅವರದ್ದಿರಬಹುದು,” ಎಂದಳು. “ಆಡಿದ್ದು ನೀವು. ಕೊಡ್ಬೇಕು ಅಂತಿದ್ರು ಅವರು.”

ವಿಜಯ್‌ಕುಮಾರ್ ಎದ್ದು ನಿಂತ. ಕೈ ಚಾಚಲಿಲ್ಲ. ಅವಳು ಹತ್ತಿರ ಹೋಗಿ ಕೋಟನ್ನು ಅವನ ಹೆಗಲ ಮೇಲೆ ಹೊದಿಸಿ, ಕೊರಳಪಟ್ಟಿಯನ್ನು ಸರಿಮಾಡಿದಳು. ಎರಡು ಖಾಲಿ ತೋಳುಗಳು ಅವನ ಎರಡು ಪಕ್ಕದಲ್ಲಿ ಇಳಿಬಿದ್ದವು.